ದೊಡ್ಡ ಪೋರ್ಸಲಿನ್ ಸ್ಲ್ಯಾಬ್ ಹಾಕಿಸುವ ಮುಂಚೆ ಇದನ್ನು ಓದಿ

ನಮ್ಮ ಅಡುಗೆಮನೆ ಗೋಡೆಯ ಪೋರ್ಸಲಿನ್ ಸ್ಲ್ಯಾಬ್ (ಆಳೆತ್ತರ ಮೀರಿದ ತೆಳು ಟೈಲ್) ಸೀಳಿದ್ದು ಕೆಲಸ ನಡೆಯುವಾಗಲ್ಲ. ಎಲ್ಲ ಮುಗಿದು, ಲೆಕ್ಕ ಚುಕ್ತಾ ಆಗಿ, ಕೆಲಸದವರು ಹೋದ ಮೇಲೆ. ಸಾಕೆಟ್ ಪ್ಲೇಟಿನ ಮೂಲೆಯಲ್ಲಿ ಕೂದಲೆಳೆಯಂಥ ಗೆರೆ ಕಾಣಿಸಿತು. ಕೊಳೆ ಅಂದುಕೊಂಡು ಒರೆಸಿದೆವು, ಹೋಗಲಿಲ್ಲ. ಉಗುರು ಆಡಿಸಿದರೆ ತಗುಲುತ್ತಿತ್ತು. ಅದು ದಿನೇ ದಿನೇ ಓರೆಯಾಗಿ ಮೇಲೇರಿ ಅಂಚು ಮುಟ್ಟಿತು. ಗೋಡೆಗೆ ಅಂಟಿದ ಸ್ಲ್ಯಾಬನ್ನು ಇಡಿಯಾಗಿ ಬಿಡಿಸಲು ಆಗುವುದಿಲ್ಲ, ಒಡೆದೇ ತೆಗೆಯಬೇಕು.

ಪ್ಲೇಟ್ ಬಿಚ್ಚಿ ನೋಡಿದಾಗ ಕಾರಣ ಕಣ್ಣೆದುರೇ ಇತ್ತು. ಸಾಕೆಟ್‌ಗೆ ಚೌಕ ಕತ್ತರಿಸುವಾಗ ಗ್ರೈಂಡರ್ ಬ್ಲೇಡನ್ನು ಮೂಲೆ ದಾಟಿಸಿ ಎಳೆದಿದ್ದರು. ನಾಲ್ಕೂ ಮೂಲೆಯಲ್ಲಿ ಗೆರೆಗಳು ಒಂದನ್ನೊಂದು ಹಾದು ಹೋಗಿದ್ದವು. ಬಿರುಕು ಹುಟ್ಟಿದ್ದು ಅಂಥ ಒಂದು ಗೆರೆಯ ತುದಿಯಿಂದ. ಕತ್ತರಿಸುವ ದಿನ ನಾನು ಕೇಳಿದ್ದೆ. "ಅದೆಲ್ಲ ಪ್ಲೇಟ್ ಕೆಳಗೆ ಮುಚ್ಚಿಹೋಗುತ್ತೆ ಬಿಡಿ ಸಾರ್, ಎಷ್ಟು ಮನೆಗೆ ಹಾಕಿಲ್ಲ ನಾವು" ಅಂದಿದ್ದರು ಮೇಸ್ತ್ರಿ. ಅವರು ಸುಳ್ಳು ಹೇಳಲಿಲ್ಲ. ಎರಡಡಿ ಟೈಲ್ಸ್ ಎಷ್ಟೋ ಮನೆಗೆ ಹಾಕಿದವರೇ. ಆದರೆ ಈ ಸ್ಲ್ಯಾಬ್ ಬೇರೆಯದೇ ವಸ್ತು.

ಪೋರ್ಸಲಿನ್ 1200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸಿಯಲ್ಲಿ ಬೆಂದು ಬರುತ್ತದೆ. ಆರುವಾಗ ಒಳಗೇ ಒಂದು ಬಿಗಿತ ಉಳಿದುಕೊಳ್ಳುತ್ತದೆ. ಸಣ್ಣ ಟೈಲ್‌ನಲ್ಲಿ ಅದು ಲೆಕ್ಕಕ್ಕೆ ಬರುವುದಿಲ್ಲ. ದೊಡ್ಡ ಸ್ಲ್ಯಾಬ್‌ನಲ್ಲಿ ನಡುವೆ ತುಂಡು ತೆಗೆದ ಕೂಡಲೇ ಆ ಬಿಗಿತವೆಲ್ಲ ಚೂಪು ಮೂಲೆಯ ಮೇಲೆ ಬೀಳುತ್ತದೆ. ಹಾಗಾಗಿ ಒಳಮೂಲೆ ಯಾವತ್ತೂ ದುಂಡಗೇ ಇರಬೇಕು. ಮೊದಲು ನಾಲ್ಕು ಮೂಲೆಗೂ ಡೈಮಂಡ್ ಬಿಟ್‌ನಿಂದ ತೂತು, ಕಡಿಮೆ ಅಂದರೂ 6 ಮಿ.ಮೀ. ಸಿಂಕ್, ಸ್ಟವ್‌ನಂಥ ದೊಡ್ಡ ಕಟಿಂಗ್‌ಗೆ ಇನ್ನೂ ದೊಡ್ಡದು. ಆಮೇಲೆ ತೂತಿನಿಂದ ತೂತಿಗೆ ಬ್ಲೇಡ್ ಹಾಕಿ, ತೂತಿನೊಳಗೇ ನಿಲ್ಲಿಸಬೇಕು. ಅಡುಗೆಕಟ್ಟೆಗೆ ಹಾಕುವ 12 ಮಿ.ಮೀ. ಸ್ಲ್ಯಾಬ್ ಆದರೆ ಅದಕ್ಕೂ ಮುಂಚೆ ನಾಲ್ಕೂ ಬದಿಯಿಂದ ಎರಡು-ಮೂರು ಸೆಂ.ಮೀ. ಪಟ್ಟಿ ಕತ್ತರಿಸಿ ತೆಗೆಯುತ್ತಾರೆ, ಬಿಗಿತ ಸ್ವಲ್ಪ ಸಡಿಲವಾಗಲಿ ಅಂತ. ಇದನ್ನು ನೋಡಿ ಸುಮ್ನೆ ವೇಸ್ಟ್ ಮಾಡುತ್ತಿದ್ದಾರೆ ಅಂದುಕೊಳ್ಳಬೇಡಿ.

ಇನ್ನೊಂದು ಸ್ಲ್ಯಾಬ್ ಗೋಡೆಯವರೆಗೂ ಬರಲಿಲ್ಲ. 1600×3200 ಮಿ.ಮೀ. ಅಳತೆಯ ಸ್ಲ್ಯಾಬ್ 6 ಮಿ.ಮೀ. ದಪ್ಪದ್ದಾದರೂ 70 ಕಿಲೋ ದಾಟುತ್ತದೆ. 12 ಮಿ.ಮೀ. ಆದರೆ ಅದರ ಎರಡರಷ್ಟು. ಅಂಥದ್ದನ್ನು ಆ ತುದಿಗೊಬ್ಬರು ಈ ತುದಿಗೊಬ್ಬರು ಹಿಡಿದು ಹಲಗೆಯ ಹಾಗೆ ಮಲಗಿಸಿಕೊಂಡು ಬಂದರು. ನಡು ಬಾಗುವುದು ಬರಿಗಣ್ಣಿಗೇ ಕಾಣುತ್ತಿತ್ತು. ಬಾಗಿಲಲ್ಲಿ ತಿರುಗುವಾಗ ಒಬ್ಬರು ಸ್ವಲ್ಪ ಬೇಗ ಇಳಿಸಿದರು, ಅಷ್ಟೇ. ಯಾರ ಕಾಲ ಮೇಲೂ ಬೀಳಲಿಲ್ಲ ಅನ್ನುವುದೊಂದೇ ಸಮಾಧಾನ. ಇದನ್ನು ಯಾವಾಗಲೂ ಉದ್ದದ ಅಂಚು ಕೆಳಗಾಗಿ ನಿಲ್ಲಿಸಿಕೊಂಡೇ ಒಯ್ಯಬೇಕು. ಇದಕ್ಕೆಂದೇ ಗಾಳಿ ಹೀರಿ ಕಚ್ಚಿಕೊಳ್ಳುವ ಸಕ್ಷನ್ ಕಪ್ ಇರುವ ಚೌಕಟ್ಟು ಸಿಗುತ್ತದೆ. ಧೂಳು ಒರೆಸದೆ ಕಪ್ ಕೂರಿಸಿದರೆ ಹಿಡಿಯುವುದಿಲ್ಲ. ಒರಟು ಮೈ ಇರುವ ಸ್ಲ್ಯಾಬ್‌ಗೆ ಮಾಮೂಲಿ ಕಪ್ ನಂಬುವ ಹಾಗೇ ಇಲ್ಲ. ಕೆಳಗಿಡುವಾಗ ಮರದ ಪಟ್ಟಿ ಅಥವಾ ರಬ್ಬರ್ ಮೇಲೆ, ಅಂಚು ಪೂರ್ತಿ ಒಟ್ಟಿಗೆ ಕೂರುವಂತೆ ಇಡಬೇಕು. ಒಂದೇ ಮೂಲೆ ನೆಲಕ್ಕೆ ತಾಗಿದರೆ ಸಾಕು, ಕತೆ ಮುಗಿಯಿತು.

ಸ್ಲ್ಯಾಬ್ ಹೋದರೆ ಇನ್ನೊಂದು ತರಬಹುದು. ನನಗೆ ಈಗಲೂ ಕೊರೆಯುವುದು ಆ ಧೂಳಿನ ವಿಷಯ. ಒಣ ಗ್ರೈಂಡರ್‌ನಲ್ಲಿ ಕತ್ತರಿಸುತ್ತಿದ್ದ ಹುಡುಗ ಮೂಗಿಗೆ ಕರ್ಚೀಫ್ ಕಟ್ಟಿಕೊಂಡಿದ್ದ. ರೆಪ್ಪೆಯೆಲ್ಲ ಬೆಳ್ಳಗಾಗಿತ್ತು. ಆ ಪುಡಿಯಲ್ಲಿ ಸಿಲಿಕಾ ಇದೆ. ಶ್ವಾಸಕೋಶ ಸೇರಿ ಸಿಲಿಕೋಸಿಸ್ ಆದರೆ ವಾಸಿ ಮಾಡುವ ಮದ್ದಿಲ್ಲ. ಅಷ್ಟು ನುಣ್ಣನೆಯ ಪುಡಿಯನ್ನು ಬಟ್ಟೆ ತಡೆಯುವುದಿಲ್ಲ. ನೀರು ಹಾಯಿಸುವ ಕಟ್ಟರ್ ಬೇಕು, ಮುಖಕ್ಕೆ ಸರಿಯಾಗಿ ಕೂರುವ ಧೂಳಿನ ಮಾಸ್ಕ್ ಬೇಕು. ಹಾಗಂತ ಮಾಮೂಲಿ ಗ್ರೈಂಡರ್ ಮೇಲೆ ನೀರು ಸುರಿಯಬಾರದು, ಶಾಕ್ ಹೊಡೆಯುತ್ತದೆ. ಬ್ಲೇಡ್ ಕೂಡ ಅಂಚು ಬಿಟ್ಟುಬಿಡದೆ ಒಂದೇ ಸಮ ಇರುವ ಡೈಮಂಡ್ ಬ್ಲೇಡ್ ಆಗಬೇಕು. ಹಲ್ಲು ಹಲ್ಲಾಗಿರುವ ಕಾಂಕ್ರೀಟ್ ಬ್ಲೇಡ್ ಹಾಕಿದರೆ ಅಂಚೆಲ್ಲ ಚಕ್ಕೆ ಏಳುತ್ತದೆ. ನಮ್ಮಲ್ಲಿ ಹಾಕಿದ್ದು ಅದನ್ನೇ.

ಅಂಟಿನ ವಿಷಯಕ್ಕೆ ಜಾಸ್ತಿ ಹೇಳುವುದಿಲ್ಲ. ಪೋರ್ಸಲಿನ್ ನೀರು ಹೀರುವುದು ಶೇ. 0.5ಕ್ಕಿಂತ ಹೆಚ್ಚಿಲ್ಲ, ಹಾಗಾಗಿ ಬರೀ ಸಿಮೆಂಟ್ ಹಾಲು ಅದಕ್ಕೆ ಹಿಡಿಯುವುದಿಲ್ಲ. ಅಂಟಿನ ಚೀಲದ ಮೇಲೆ ಸಿ2 (C2, ಹೆಚ್ಚು ಬಿಗಿಯಾಗಿ ಹಿಡಿಯುವ ಸಿಮೆಂಟ್ ಅಂಟು), ಎಸ್1 (S1, ಒಣಗಿದ ಮೇಲೂ ಸ್ವಲ್ಪ ಬಾಗುವಂಥದ್ದು) ಗುರುತು ಇದೆಯಾ ನೋಡಿ. ಗೋಡೆಗೂ ಸ್ಲ್ಯಾಬ್ ಬೆನ್ನಿಗೂ ಎರಡೂ ಕಡೆ ಹಚ್ಚಬೇಕು, ಹಲ್ಲಿನ ಕರಣೆಯಿಂದ ಅಂಟಿನಲ್ಲಿ ಎಳೆದ ಗೆರೆಗಳು ಒಂದೇ ದಿಕ್ಕಿಗಿರಬೇಕು. ಅಲ್ಲಲ್ಲಿ ಮುದ್ದೆ ಇಟ್ಟು ಒತ್ತಿದರೆ ಹಿಂದೆ ಟೊಳ್ಳು ಉಳಿಯುತ್ತದೆ. ಬೆರಳಲ್ಲಿ ತಟ್ಟಿದರೆ ಸದ್ದೇ ಹೇಳುತ್ತದೆ. ಟೊಳ್ಳಿರುವ ಜಾಗದಲ್ಲಿ ಡ್ರಿಲ್ ಇಟ್ಟರೆ ಒಡೆಯದೆ ಇನ್ನೇನಾಗುತ್ತದೆ, ಅಲ್ವಾ?

ಡ್ರಿಲ್ ಮಾಡುವಾಗ ಹ್ಯಾಮರ್ (ಬಡಿಯುತ್ತಾ ಕೊರೆಯುವ ಮೋಡ್) ಆಫ್ ಆಗಿದೆಯಾ ಅಂತ ನೀವೇ ನೋಡಿ, ಅವರ ಮಾತು ನಂಬಬೇಡಿ. ಒಳಗೆ ಟೊಳ್ಳಿರುವ ಡೈಮಂಡ್ ಬಿಟ್ಟನ್ನು ಮೊದಲು ಸ್ವಲ್ಪ ಓರೆ ಹಿಡಿದು ಶುರು ಮಾಡಿದರೆ ಜಾರುವುದಿಲ್ಲ. ಕಚ್ಚಿಕೊಂಡ ಮೇಲೆ ನೇರ ಮಾಡಬೇಕು. ನೀರು ಬಿಡುತ್ತಾ, ಹಗುರವಾಗಿ ಒತ್ತುತ್ತಾ ಹೋಗಬೇಕು. ಬಿಟ್ ದೊಡ್ಡದಾದಷ್ಟೂ ವೇಗ ಕಡಿಮೆ. ತುದಿಗೆ ಬಂದಾಗ ಇನ್ನೂ ಹಗುರ. ಸ್ಲ್ಯಾಬ್ ದಾಟಿದ ಮೇಲೆ ಗೋಡೆಗೆ ಬೇರೆ ಬಿಟ್, ಅದು ಸ್ಲ್ಯಾಬಿನ ತೂತಿಗಿಂತ ಸಣ್ಣದಿರಬೇಕು. ಪ್ಲಾಸ್ಟಿಕ್ ಪ್ಲಗ್ ಸ್ಲ್ಯಾಬ್ ದಾಟಿ ಪೂರ್ತಿ ಗೋಡೆಯೊಳಗೆ ಕೂತಿರಬೇಕು. ನಮ್ಮ ಮನೆಯ ಶೆಲ್ಫ್‌ಗೆ ತೂತು ಚೆನ್ನಾಗಿಯೇ ಬಿದ್ದಿತ್ತು. ಆದರೆ ಪ್ಲಗ್ ಅರ್ಧ ಸ್ಲ್ಯಾಬ್‌ನಲ್ಲೇ ಉಳಿದಿತ್ತು. ಸ್ಕ್ರೂ ತಿರುಗಿಸಿದ ಹಾಗೆ ಅದು ಉಬ್ಬಿತು, ಆ ಸ್ಲ್ಯಾಬೂ ಟಕ್ ಅಂತ ಸೀಳಿತು.