ಹಳೆಯ ಲ್ಯಾಪ್‌ಟಾಪಿನಲ್ಲಿ ಭಾಗವತಿಕೆಯ ಧ್ವನಿಮುದ್ರಣ: ಎಸ್‌ಎಸ್‌ಡಿಯೋ, ರ‍್ಯಾಮೋ, ಬಫರೋ?

ಲ್ಯಾಪ್‌ಟಾಪ್ ನಿಧಾನವಾಗಿದೆ ಎಂದು ಶಿರಸಿಯಲ್ಲಿ ಯಾರ ಬಳಿ ಹೇಳಿದರೂ ‘ಎಸ್‌ಎಸ್‌ಡಿ ಹಾಕಿಸಿ’ ಎನ್ನುತ್ತಾರೆ, ಅಂದರೆ ಹಾರ್ಡ್ ಡಿಸ್ಕಿನ ಬದಲು ಬರುವ ವೇಗದ ಸಂಗ್ರಹಕ. ಮಾತು ಸುಳ್ಳಲ್ಲ. ಆದರೆ ಭಾಗವತಿಕೆ, ಮದ್ದಳೆ, ಚಂಡೆಗಳನ್ನು ಬೇರೆ ಬೇರೆ ಟ್ರ್ಯಾಕ್‌ಗಳಲ್ಲಿ ಮುದ್ರಿಸಿಕೊಳ್ಳುವವರಿಗೆ ನಿಧಾನಕ್ಕಿಂತ ದೊಡ್ಡ ಕಾಟ ಇನ್ನೊಂದಿದೆ: ಪದ್ಯದ ನಡುವೆ ಚಟ್ ಎಂದು ಸಿಡಿಯುವ ಸದ್ದು. 4 ಜಿಬಿ ರ‍್ಯಾಮ್ ಮತ್ತು ಮಾಮೂಲಿ ಹಾರ್ಡ್ ಡಿಸ್ಕ್ ಇದ್ದ ನನ್ನ ಲ್ಯಾಪ್‌ಟಾಪಿಗೆ ಒಂದೊಂದೇ ಉಪಾಯ ಮಾಡಿ ನೋಡಿದೆ.

ಎಸ್‌ಎಸ್‌ಡಿ ಬಂದ ಮೇಲೆ ವಿಂಡೋಸ್ ಬೇಗ ಏಳತೊಡಗಿತು, ಹಳೆಯ ಕಡತಗಳು ತಟ್ಟನೆ ತೆರೆದುಕೊಂಡವು. ಚಟ್ ಸದ್ದು ಮಾತ್ರ ಕದಲಲಿಲ್ಲ. ಕಾರಣ ಲೆಕ್ಕದಲ್ಲೇ ಇದೆ. 24 ಬಿಟ್, 48 ಕಿಲೋಹರ್ಟ್ಸ್‌ನ ಒಂದು ಮೋನೋ ಟ್ರ್ಯಾಕಿಗೆ ಸೆಕೆಂಡಿಗೆ 144 ಕೆಬಿ ಸಾಕು. ಎಂಟು ಟ್ರ್ಯಾಕ್ ಸೇರಿದರೂ ಒಂದು ಎಂಬಿಗಿಂತ ತುಸು ಹೆಚ್ಚು. ಸೆಕೆಂಡಿಗೆ ಹತ್ತಾರು ಎಂಬಿ ಬರೆಯಬಲ್ಲ ಹಳೆಯ ಡಿಸ್ಕಿಗೂ ಅದು ಭಾರವಲ್ಲ.

ರ‍್ಯಾಮನ್ನು 8 ಜಿಬಿಗೆ ಏರಿಸಿದ್ದರಿಂದ ನನಗೆ ಹೇಳಿಕೊಳ್ಳುವಂಥ ಲಾಭವಾಗಲಿಲ್ಲ. ವಾದ್ಯಗಳ ಸ್ಯಾಂಪಲ್ ಲೈಬ್ರರಿ (ಮೊದಲೇ ಮುದ್ರಿಸಿಟ್ಟ ವಾದ್ಯಸ್ವರಗಳ ಸಂಗ್ರಹ) ಬಳಸುವವರು ಬೇಕಾದರೆ ಹಾಕಿಸಲಿ.

ನಿಜವಾದ ವ್ಯತ್ಯಾಸ ಕಂಡದ್ದು ಕಾಸು ಖರ್ಚಿಲ್ಲದ ಸೆಟ್ಟಿಂಗ್‌ಗಳಲ್ಲಿ. ಸದ್ದಿಗೆ ಅಡ್ಡ ಬರುವ ಡ್ರೈವರ್ (ಯಂತ್ರದ ಬಿಡಿಭಾಗವನ್ನು ನಡೆಸುವ ತಂತ್ರಾಂಶ) ಯಾವುದೆಂದು ಹುಡುಕಿಕೊಡುವ ಲೇಟೆನ್ಸಿಮಾನ್ ಎಂಬ ಉಚಿತ ತಂತ್ರಾಂಶ ವೈ-ಫೈ ಡ್ರೈವರ್ ಕಡೆಗೇ ಬೊಟ್ಟು ಮಾಡಿತು. ಮುದ್ರಣದ ಹೊತ್ತಿಗೆ ವೈ-ಫೈ ಆರಿಸಿ, ಪವರ್ ಪ್ಲಾನನ್ನು ಹೈ ಪರ್ಫಾರ್ಮೆನ್ಸ್‌ಗೆ ಬದಲಿಸಿ, ವಿಂಡೋಸಿನ ಮಾಮೂಲಿ ಡ್ರೈವರ್ ಬಿಟ್ಟು ಆಡಿಯೋ ಇಂಟರ್‌ಫೇಸಿನದೇ (ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆಯದೇ) ಎಎಸ್‌ಐಒ ಡ್ರೈವರ್ ಹಾಕಿದೆ; ಅದು ಸದ್ದನ್ನು ಕಡಿಮೆ ತಡದಲ್ಲಿ ಸಾಗಿಸುತ್ತದೆ. ಮುಕ್ಕಾಲು ಪಾಲು ತೊಂದರೆ ಅಲ್ಲಿಗೇ ನಿಂತಿತು.

ಉಳಿದ ಕಾಲು ಪಾಲು ಬಫರಿನದು, ಅಂದರೆ ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಟ್ಟುಕೊಂಡು ಸಂಸ್ಕರಿಸುವ ಸದ್ದಿನ ತುಣುಕಿನದು; ಅದನ್ನು ಅಳೆಯುವುದು ಸ್ಯಾಂಪಲ್‌ಗಳ ಲೆಕ್ಕದಲ್ಲಿ. 44.1 ಕಿಲೋಹರ್ಟ್ಸ್‌ನಲ್ಲಿ 128 ಸ್ಯಾಂಪಲ್ ಎಂದರೆ ಸುಮಾರು 3 ಮಿಲಿಸೆಕೆಂಡ್, 1024 ಎಂದರೆ 23. ಕಡಿಮೆ ಇಟ್ಟರೆ ಹಳೆಯ ಪ್ರೊಸೆಸರ್ ಏದುಸಿರು ಬಿಡುತ್ತದೆ. ಹೆಚ್ಚು ಇಟ್ಟರೆ ಭಾಗವತರ ಕಿವಿಗೆ ಅವರದೇ ಸ್ವರ ತಡವಾಗಿ ಬಂದು ತಾಳ ತಪ್ಪುತ್ತದೆ. ಇಂಟರ್‌ಫೇಸಿನಲ್ಲಿ ಡೈರೆಕ್ಟ್ ಮಾನಿಟರ್ ಗುಂಡಿ ಇದ್ದರೆ ಈ ಇಕ್ಕಟ್ಟೇ ಇಲ್ಲ. ಹಾಡಿದ್ದು ಕಂಪ್ಯೂಟರನ್ನು ಸುತ್ತಿ ಬರದೆ ನೇರವಾಗಿ ಹೆಡ್‌ಫೋನಿಗೆ ಹೋಗುತ್ತದೆ. ಬಫರನ್ನು ನಿಶ್ಚಿಂತೆಯಿಂದ 1024ರಲ್ಲೇ ಇಡಬಹುದು.

ನಮ್ಮ ಕಡೆಯ ಇನ್ನೊಂದು ಫಜೀತಿ ಮಳೆಗಾಲದ ಕರೆಂಟು. ಬ್ಯಾಟರಿಯಲ್ಲಿ ನಡೆಸಿದರೆ ಚಾರ್ಜರಿನ ಗುಂಯ್‌ಗುಡುವಿಕೆ ಮಾಯವಾಗುತ್ತದೆ, ಸರಿ; ಆದರೆ ವಿಂಡೋಸ್ ಪ್ರೊಸೆಸರಿನ ವೇಗವನ್ನೂ ತಗ್ಗಿಸಿಬಿಡುತ್ತದೆ. ಬ್ಯಾಟರಿಯ ಸೆಟ್ಟಿಂಗನ್ನೂ ಬೇರೆಯಾಗಿಯೇ ತಿದ್ದಬೇಕು. ಹೆಂಚಿನ ಮೇಲೆ ಬೀಳುವ ಮಳೆಯ ಸದ್ದಿಗೆ ಮಾತ್ರ ಯಾವ ಸೆಟ್ಟಿಂಗೂ ಇಲ್ಲ.

ಕೊನೆಗೆ ಉಬುಂಟು ಸ್ಟುಡಿಯೋ, ಧ್ವನಿಯಂಥ ಕೆಲಸಗಳಿಗೆಂದೇ ಸಜ್ಜುಗೊಳಿಸಿದ ಉಚಿತ ಲಿನಕ್ಸ್. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇಷ್ಟು ಹಳೆಯ ಪ್ರೊಸೆಸರನ್ನು ವಿಂಡೋಸ್ 11 ಒಪ್ಪುವುದಿಲ್ಲ. ಹಾಗಾಗಿ ಲಿನಕ್ಸ್ ಅನಿವಾರ್ಯವೇ ಅನ್ನಿ. ಆರ್ಡೋರ್ (Ardour), ರೀಪರ್ ಎಂಬ ಧ್ವನಿಮುದ್ರಣ ತಂತ್ರಾಂಶಗಳೆರಡೂ ಅದರಲ್ಲಿ ಓಡುತ್ತವೆ, ಕಡಿಮೆ ಬಫರಿನಲ್ಲೂ ನನ್ನ ಯಂತ್ರ ವಿಂಡೋಸಿಗಿಂತ ಗಟ್ಟಿಯಾಗಿ ನಿಂತಿತು. ಅಡ್ಡಿ ಎಂದರೆ ವಿಂಡೋಸಿಗೆಂದೇ ಮಾಡಿದ ಪ್ಲಗಿನ್‌ಗಳು (ಮುದ್ರಣ ತಂತ್ರಾಂಶಕ್ಕೆ ಜೋಡಿಸಿಕೊಳ್ಳುವ ಪುಟ್ಟ ತಂತ್ರಾಂಶಗಳು). ಕೆಲವು ಒಗ್ಗಿದವು, ಕೆಲವು ಹಟ ಹಿಡಿದವು. ಅದಕ್ಕೇ ಎರಡನ್ನೂ ಇಟ್ಟುಕೊಂಡಿದ್ದೇನೆ: ಹೊಸ ಮುದ್ರಣವೆಲ್ಲ ಲಿನಕ್ಸಿನಲ್ಲಿ, ಹಳೆಯ ಪ್ರಾಜೆಕ್ಟ್ ತೆರೆಯಬೇಕಾದರೆ ಇಂಟರ್‌ನೆಟ್ ಕಿತ್ತ ವಿಂಡೋಸಿನಲ್ಲಿ.