ಡ್ರೂಪ್, ಮಾಸ್ಟರ್-ಸ್ಲೇವ್, ವರ್ಚುವಲ್ ಜನರೇಟರ್: ಹೈಬ್ರಿಡ್ ಮೈಕ್ರೋಗ್ರಿಡ್‌ನಲ್ಲಿ ಯಾವುದು ಎಲ್ಲಿ ಕೈಕೊಡುತ್ತದೆ?

ಎಸಿ, ಡಿಸಿ ಎರಡೂ ಇರುವ ಸಣ್ಣ ಸ್ಥಳೀಯ ವಿದ್ಯುತ್ ಜಾಲವೇ ಹೈಬ್ರಿಡ್ ಮೈಕ್ರೋಗ್ರಿಡ್. ಅದರಲ್ಲಿ ಇನ್ವರ್ಟರ್‌ಗಳು (ಡಿಸಿಯನ್ನು ಎಸಿ ಮಾಡುವ ಸಾಧನಗಳು) ಲೋಡ್ ಹಂಚಿಕೊಳ್ಳುವ ಮೂರು ವಿಧಾನಗಳ ಹೋಲಿಕೆ ಇದು. ಇಟ್ಟುಕೊಂಡ ಸೆಟಪ್ ಇಷ್ಟು: 400 ವೋಲ್ಟ್ ಎಸಿ ಬಸ್‌ಗೆ (ಎಲ್ಲವೂ ಜೋಡಣೆಯಾಗುವ ಸಾಮಾನ್ಯ ಲೈನ್) 10 ಮತ್ತು 5 ಕಿಲೋವ್ಯಾಟ್‌ನ ಎರಡು ಇನ್ವರ್ಟರ್, ಪಕ್ಕದಲ್ಲಿ 380 ವೋಲ್ಟ್ ಡಿಸಿ ಬಸ್, ನಡುವೆ ಎರಡರ ಮಧ್ಯೆ ಪವರ್ ದಾಟಿಸುವ ಇಂಟರ್‌ಲಿಂಕಿಂಗ್ ಕನ್ವರ್ಟರ್. ಮೇನ್ ಗ್ರಿಡ್ ಇಲ್ಲ.

ಬರೀ ಹಂಚಿಕೆಯ ನಿಖರತೆ ನೋಡಿದರೆ ಮಾಸ್ಟರ್-ಸ್ಲೇವ್‌ಗೆ ಸಾಟಿಯಿಲ್ಲ. ಮಾಸ್ಟರ್ ವೋಲ್ಟೇಜ್, ಫ್ರೀಕ್ವೆನ್ಸಿ ಹಿಡಿದಿಡುತ್ತದೆ. ಸ್ಲೇವ್ ಹೇಳಿದಷ್ಟು ಕರೆಂಟ್ ಕೊಡುತ್ತದೆ. ಸಂದೇಶದ ತಂತಿ ಕಿತ್ತರೆ ಸ್ಲೇವ್ ಹಳೆಯ ಆದೇಶಕ್ಕೇ ಅಂಟಿಕೊಳ್ಳುತ್ತದೆ, ಆಮೇಲೆ ಏರಿದ ಲೋಡೆಲ್ಲ ಮಾಸ್ಟರ್ ತಲೆಗೆ. ಅದು ಟ್ರಿಪ್ ಆದರೆ ಇಡೀ ಬಸ್ ಕತ್ತಲು. ಎಲ್ಲ ಒಂದೇ ಕ್ಯಾಬಿನೆಟ್‌ನಲ್ಲಿದ್ದರೆ ಸರಿ, ದೂರದೂರ ಇದ್ದರೆ ಬೇಡ.

ಡ್ರೂಪ್‌ಗೆ ಆ ತಂತಿಯೇ ಬೇಡ. ಲೋಡ್ ಏರಿದಂತೆ ಪ್ರತಿ ಇನ್ವರ್ಟರ್ ತನ್ನ ಫ್ರೀಕ್ವೆನ್ಸಿಯನ್ನು ತಾನೇ ಸ್ವಲ್ಪ ಇಳಿಸಿಕೊಳ್ಳುತ್ತದೆ. ಖಾಲಿ ಇದ್ದಾಗ 50 ಹರ್ಟ್ಸ್, ಪೂರ್ತಿ ಲೋಡಿಗೆ 49.5 ಎಂದು ಇಟ್ಟರೆ ದೊಡ್ಡದಕ್ಕೆ ಕಿಲೋವ್ಯಾಟಿಗೆ 0.05 ಹರ್ಟ್ಸ್, ಚಿಕ್ಕದಕ್ಕೆ 0.1. ಲೋಡ್ 9 ಕಿಲೋವ್ಯಾಟ್ ಆದಾಗ 6 ಮತ್ತು 3 ಎಂದು ಹಂಚಿಕೊಂಡು ಎರಡೂ 49.7ಕ್ಕೆ ನಿಲ್ಲುತ್ತವೆ. ಫ್ರೀಕ್ವೆನ್ಸಿ ಬಸ್ಸಿನುದ್ದಕ್ಕೂ ಒಂದೇ ಆದ್ದರಿಂದ ಇದು ತಪ್ಪುವುದಿಲ್ಲ. ವೋಲ್ಟೇಜ್ ಹಾಗಲ್ಲ, ಕೇಬಲ್ ಉದ್ದದ ಪ್ರಕಾರ ಬದಲಾಗುತ್ತದೆ. ರಿಯಾಕ್ಟಿವ್ ಪವರ್ (ಕೆಲಸ ಮಾಡದೆ ಆಚೀಚೆ ಓಡಾಡುವ ಪವರ್) ಹಂಚಿಕೆ ವೋಲ್ಟೇಜ್ ಇಳಿಕೆಯನ್ನೇ ನೆಚ್ಚಿರುವುದರಿಂದ ಎಡವಟ್ಟಾಗುವುದು ಅಲ್ಲೇ. ಮೇಲಾಗಿ 16 ಚದರ ಮಿಲಿಮೀಟರ್ ತಾಮ್ರದ ಕೇಬಲ್‌ಗೆ ಕಿಲೋಮೀಟರಿಗೆ ಸುಮಾರು 1.15 ಓಮ್ ರೆಸಿಸ್ಟೆನ್ಸ್ ಇದ್ದರೆ, ರಿಯಾಕ್ಟೆನ್ಸ್ (ಇಂಡಕ್ಟೆನ್ಸ್‌ನಿಂದ ಬರುವ ತಡೆ) 0.08 ಓಮ್ ಆಸುಪಾಸು ಅಷ್ಟೇ. ಡ್ರೂಪ್ ಲೆಕ್ಕವೋ ರಿಯಾಕ್ಟೆನ್ಸೇ ಹೆಚ್ಚು ಎಂದುಕೊಂಡಿರುತ್ತದೆ. ಆಗ ಆಕ್ಟಿವ್, ರಿಯಾಕ್ಟಿವ್ ಎರಡೂ ಒಂದರೊಳಗೊಂದು ಸಿಕ್ಕಿಕೊಳ್ಳುತ್ತವೆ.

ಮದ್ದು ವರ್ಚುವಲ್ ಇಂಡಕ್ಟೆನ್ಸ್, ಅಂದರೆ ಇಲ್ಲದ ಸುರುಳಿ ಇದ್ದಂತೆ ಕಂಟ್ರೋಲರ್ ನಟಿಸುವುದು: ದೊಡ್ಡದಕ್ಕೆ 1 ಮಿಲಿಹೆನ್ರಿ, ಚಿಕ್ಕದಕ್ಕೆ 2. 50 ಹರ್ಟ್ಸ್‌ನಲ್ಲಿ 1 ಮಿಲಿಹೆನ್ರಿ ಎಂದರೆ 0.314 ಓಮ್, 10 ಕಿಲೋವ್ಯಾಟ್ ಯಂತ್ರದ ಲೆಕ್ಕದಲ್ಲಿ ಶೇ. 2ರಷ್ಟು. ಇದಕ್ಕಾಗಿ ಕರೆಂಟಿನ ಡೆರಿವೇಟಿವ್ (ಬದಲಾವಣೆಯ ದರ) ತೆಗೆಯಲು ಹೋಗಬೇಡಿ, ನಾಯ್ಸ್ ದೊಡ್ಡದಾಗುತ್ತದೆ. ಡಿಕ್ಯೂ ಕರೆಂಟ್‌ಗಳನ್ನು (ಫ್ರೀಕ್ವೆನ್ಸಿಯೊಂದಿಗೆ ತಿರುಗುವ ಡಿ, ಕ್ಯೂ ಎಂಬ ಎರಡು ಅಕ್ಷಗಳ ಮೇಲೆ ಅಳೆದ ಕರೆಂಟ್) ರಿಯಾಕ್ಟೆನ್ಸ್‌ನಿಂದ ಗುಣಿಸಿ ಅಡ್ಡಡ್ಡ, ಅಂದರೆ ಒಂದರದ್ದನ್ನು ಇನ್ನೊಂದರ ವೋಲ್ಟೇಜಿಗೆ, ಕೊಟ್ಟರೆ ಸಾಕು. ಬೇಗ ಸ್ಪಂದಿಸಲಿ ಎಂದು ಡ್ರೂಪ್ ಇಳಿಜಾರನ್ನು ಸುಮ್ಮನೆ ಏರಿಸುತ್ತ ಹೋದರೆ ಇನ್ವರ್ಟರ್‌ಗಳ ನಡುವೆ ಪವರ್ ಉಯ್ಯಾಲೆಯಾಡತೊಡಗುತ್ತದೆ. ಕಾರಣ, ಪವರ್ ಅಳೆಯುವ ಫಿಲ್ಟರ್‌ನ ವಿಳಂಬ.

ಇನ್ವರ್ಟರನ್ನು ತಿರುಗುವ ಜನರೇಟರ್‌ನಂತೆ ನಡೆಸುವ ವರ್ಚುವಲ್ ಸಿಂಕ್ರೊನಸ್ ಜನರೇಟರ್ ಬಗ್ಗೆ ಇರುವ ಭಕ್ತಿ ಸ್ವಲ್ಪ ಜಾಸ್ತಿಯೇ ಆಯಿತು. ಶೇ. 1 ಡ್ರೂಪ್‌ಗೆ (ಮೇಲಿನ 50ರಿಂದ 49.5) 5 ಹರ್ಟ್ಸ್ ಫಿಲ್ಟರ್ ಹಾಕಿದರೆ ಗಣಿತದಲ್ಲಿ ಅದು ಸುಮಾರು 1.6 ಸೆಕೆಂಡ್ ಇನರ್ಷಿಯಾ (ವೇಗದ ಬದಲಾವಣೆಗೆ ಅಡ್ಡಬರುವ ಜಡತೆ) ಇರುವ ಯಂತ್ರವೇ. ಇನರ್ಷಿಯಾ, ಡ್ಯಾಂಪಿಂಗ್ (ಉಯ್ಯಾಲೆಯನ್ನು ತಗ್ಗಿಸುವ ಗುಣ) ಎರಡನ್ನೂ ಬೇರೆಬೇರೆಯಾಗಿ ಹೊಂದಿಸಿಕೊಳ್ಳಬಹುದು ಎಂಬುದು ಇದರ ನಿಜವಾದ ಲಾಭ. ಆದರೆ ಇನರ್ಷಿಯಾ ತೋರಿಸಲು ಬೇಕಾದ ಶಕ್ತಿ ಎಲ್ಲಿಂದ ಬರಬೇಕು? ಇನ್ವರ್ಟರ್‌ನ ಡಿಸಿ ಕಡೆಯ 700 ವೋಲ್ಟ್‌ನ 1000 ಮೈಕ್ರೋಫ್ಯಾರಡ್ ಕೆಪಾಸಿಟರ್‌ನಲ್ಲಿ ಇರುವುದು 245 ಜೂಲ್. 10 ಕಿಲೋವ್ಯಾಟ್ ಎಳೆದರೆ 25 ಮಿಲಿಸೆಕೆಂಡೂ ಬಾಳದು. ಹಿಂದೆ ಬ್ಯಾಟರಿ ಇಲ್ಲದಿದ್ದರೆ ಈ ದಾರಿ ಹಿಡಿಯಬೇಡಿ.

ಇಂಟರ್‌ಲಿಂಕಿಂಗ್ ಕನ್ವರ್ಟರ್‌ಗೆ ಮಾತ್ರ ಡ್ರೂಪ್‌ನಷ್ಟು ಒಗ್ಗುವುದು ಇನ್ನೊಂದಿಲ್ಲ. ಡಿಸಿ ಕಡೆ 380ರಿಂದ 361 ವೋಲ್ಟ್‌ವರೆಗೆ ಇಳಿಜಾರು ಇಟ್ಟು, ಎರಡೂ ಕಡೆಯ ಇಳಿಕೆಯನ್ನು 0ಯಿಂದ (ಖಾಲಿ) 1ರ (ಪೂರ್ತಿ ಲೋಡ್) ಅಳತೆಗೆ ತನ್ನಿ. ಎಸಿ 49.7 ಹರ್ಟ್ಸ್ ಇದ್ದರೆ 0.6, ಡಿಸಿ 376.2 ವೋಲ್ಟ್ ಇದ್ದರೆ 0.2. ಡಿಸಿ ಕಡೆ ಬಿಡುವಿದೆ. ವ್ಯತ್ಯಾಸ ಸೊನ್ನೆಯಾಗುವ ತನಕ ಪಿಐ ಕಂಟ್ರೋಲರ್ (ವ್ಯತ್ಯಾಸವನ್ನೂ ಅದರ ಒಟ್ಟು ಶೇಖರಣೆಯನ್ನೂ ನೋಡಿ ತಿದ್ದುವ ನಿಯಂತ್ರಕ) ಪವರನ್ನು ಎಸಿಗೆ ದಾಟಿಸುತ್ತದೆ. 0.05ರಷ್ಟು ಡೆಡ್‌ಬ್ಯಾಂಡ್ (ಏನೂ ಮಾಡದೆ ಬಿಡುವ ಅಂತರ) ಬಿಡದಿದ್ದರೆ ಸಣ್ಣಪುಟ್ಟ ಏರುಪೇರಿಗೂ ಪವರ್ ಆಚೀಚೆ ಓಡಾಡಿ ವೃಥಾ ನಷ್ಟ.

ಎಸಿ ಕಡೆ ಎಲ್ಲ ಸರಿಯಿದ್ದೂ ಡಿಸಿ ಬಸ್ ನಡುಗಿದರೆ ಕಾನ್‌ಸ್ಟಂಟ್ ಪವರ್ ಲೋಡ್ ಹುಡುಕಿ. ವೋಲ್ಟೇಜ್ ಇಳಿದರೆ ಅಷ್ಟೇ ಪವರ್‌ಗಾಗಿ ಅದು ಕರೆಂಟ್ ಹೆಚ್ಚು ಎಳೆಯುತ್ತದೆ, ಅಂದರೆ ನೆಗೆಟಿವ್ ರೆಸಿಸ್ಟೆನ್ಸ್‌ನಂತೆ ವರ್ತಿಸುತ್ತದೆ. 380 ವೋಲ್ಟ್‌ನಲ್ಲಿ 5 ಕಿಲೋವ್ಯಾಟ್‌ನ ಅಂಥ ಲೋಡ್ ಎಂದರೆ ಮೈನಸ್ 28.9 ಓಮ್. ಸೋರ್ಸ್ ಇಂಪೀಡೆನ್ಸ್‌ನ (ಪವರ್ ಕೊಡುವ ಕಡೆಯ ಒಟ್ಟು ತಡೆ) ತುತ್ತತುದಿಯೂ 28.9 ಓಮ್‌ಗಿಂತ ಸಾಕಷ್ಟು ಕೆಳಗಿರಬೇಕು. ಮೊದಲು ಲೋಡ್ ಬುಡದಲ್ಲಿ ಕೆಪಾಸಿಟರ್ ಹೆಚ್ಚಿಸಿ ನೋಡಿ, ಕಂಟ್ರೋಲರ್‌ಗೆ ಆಮೇಲೆ ಕೈಹಾಕಿ.