ಲಕ್ಷದ್ವೀಪಕ್ಕೆ ದೊಡ್ಡ ಹಡಗೋ, ಹೈಸ್ಪೀಡ್ ಹಡಗೋ?

ಕೊಚ್ಚಿಯಿಂದ ಹೊರಡುವವರಿಗೆ ಹೈಸ್ಪೀಡ್ ಹಡಗಿನ ಮೇಲೆ ಆಸೆ ಆಗುವುದು ಸಹಜ. ಎಂ.ವಿ. ಕವರತ್ತಿಯಂಥ 700 ಜನರ ಹಡಗಿನಲ್ಲಿ ರಾತ್ರಿಯಿಡೀ ಕಳೆಯಬೇಕು. ಹೈಸ್ಪೀಡ್ ಅದಕ್ಕಿಂತ ಬೇಗ ಮುಟ್ಟಿಸುತ್ತದೆ.

ಆದರೆ ಗಾಳಿ, ಅಲೆಯ ವಿಷಯದಲ್ಲಿ ನಿಯಮ ಬೇರೆ ಬೇರೆ. ಅಂತರರಾಷ್ಟ್ರೀಯ ಸಂಹಿತೆಯ ಪ್ರಕಾರ ಹೈಸ್ಪೀಡ್ ಹಡಗಿನ ಪರವಾನಗಿಯಲ್ಲೇ, ಅಲೆ ಇಷ್ಟು ಎತ್ತರ ದಾಟಬಾರದು ಎಂಬಂಥ ಹವಾಮಾನದ ಮಿತಿ ಬರೆದಿರುತ್ತದೆ. ಅಲೆ ಆ ಎತ್ತರ ದಾಟುವಂತಿದ್ದರೆ ಹೊರಡುವ ಹಾಗಿಲ್ಲ. ಹಗುರ ಮೈ, ಜಾಸ್ತಿ ವೇಗ, ಅಲೆಯ ಹೊಡೆತವೂ ಜೋರು. ಮಳೆಗಾಲದಲ್ಲಿ ಇಲ್ಲಿ ಇವು ಸಾಮಾನ್ಯವಾಗಿ ಓಡುವುದಿಲ್ಲ.

ದೊಡ್ಡ ಹಡಗಿಗೆ ಸಾಮಾನ್ಯವಾಗಿ ಅಂಥ ಒಂದೇ ಅಂಕಿ ಇರುವುದಿಲ್ಲ. ಕ್ಯಾಪ್ಟನ್ ಮುನ್ಸೂಚನೆ ನೋಡಿ ತೀರ್ಮಾನಿಸುತ್ತಾರೆ. ಸುರಕ್ಷತೆಗಾಗಿ ಅವರು ತೆಗೆದುಕೊಂಡ ತೀರ್ಮಾನಕ್ಕೆ ಮಾಲೀಕರು ಅಡ್ಡಿ ಮಾಡಬಾರದು ಅಂತ ಸೋಲಾಸ್ ಎಂಬ ಹಡಗು ಸುರಕ್ಷತೆಯ ಅಂತರರಾಷ್ಟ್ರೀಯ ಒಪ್ಪಂದ ಸ್ಪಷ್ಟವಾಗಿ ಹೇಳುತ್ತದೆ. ನನಗೆ ಇದು ತುಂಬಾ ಮುಖ್ಯವಾದ ನಿಯಮ ಅನ್ನಿಸುತ್ತದೆ.

ಒಂದು ತೊಡಕು ಮಾತ್ರ ಇದೆ. ಹಲವು ದ್ವೀಪಗಳಲ್ಲಿ ದೊಡ್ಡ ಹಡಗು ಲಗೂನಿನ (ಹವಳದ ದಿಬ್ಬದ ಒಳಗಿನ ಆಳವಿಲ್ಲದ ನೀರಿನ) ಹೊರಗೇ ನಿಲ್ಲುತ್ತದೆ. ಅಲ್ಲಿಂದ ಸಣ್ಣ ದೋಣಿಗೆ ಇಳಿಯಬೇಕು. ಕಡಲು ಕೆರಳಿದ್ದರೆ ಹಡಗು ತಲುಪಿದರೂ ಇಳಿಯೋದು ಕಷ್ಟ, ಅಲ್ವಾ?

ವಯಸ್ಸಾದವರು ಜೊತೆಗಿದ್ದರೆ ಜನವರಿ, ಫೆಬ್ರವರಿಯಲ್ಲೇ ದೊಡ್ಡ ಹಡಗು ಹಿಡಿಯಿರಿ. ಹೊತ್ತು ಕಮ್ಮಿಯಿದ್ದು, ಕಡಲು ಶಾಂತವಾಗಿದ್ದರೆ ಹೈಸ್ಪೀಡ್ ಸಾಕು. ಯಾವುದೇ ಆದರೂ, ವಾಪಸ್ ಬರುವ ದಿನಕ್ಕೇ ರೈಲು ಟಿಕೆಟ್ ಮಾಡಬೇಡಿ.